ಸ್ವಸಮೃದ್ಧಿ ತರಗತಿ ಮತ್ತು ಕ್ಯಾಲನೂರಿನ ಚದುರಂಗ

ನಾನು ಕೆಲಸಕ್ಕೆ ಸೇರಿದ್ದು ಹೊಲಿಗೆ ಟೀಚರಾಗಿ. ನಿವೃತ್ತಳಾದದ್ದು ಏನಾಗಿ ಎಂದು ಯಾರಾದರೂ ಕೇಳಿದರೆ ಇವತ್ತಿಗೂ ತಡವರಿಸುತ್ತೇನೆ. ಆದೇಶದಲ್ಲಿ ‘ಸ್ವಸಮೃದ್ಧಿ ತರಬೇತುದಾರರು’ ಎಂದಿತ್ತು. ಬೀಳ್ಕೊಡುಗೆಯ ದಿನ ಹೊದಿಸಿದ ಶಾಲು, ಕೊಟ್ಟ ಗೋಡೆ ಗಡಿಯಾರ ಇವೆರಡೂ ಏತಕ್ಕೆಂದು ಗೊತ್ತಾಯಿತು. ಆ ಹುದ್ದೆಯ ಹೆಸರು ಮಾತ್ರ ಕೊನೆಯವರೆಗೂ ಯಾರಿಗೂ ಸರಿಯಾಗಿ ಗೊತ್ತಾಗಲಿಲ್ಲ. ಈಗ ನಮ್ಮ ಸಂಸ್ಥೆಗೆ ಹೊಸಬರು ಸೇರಿದ್ದಾರೆ. ಅವರಲ್ಲೊಬ್ಬಳು ಮೊನ್ನೆ ಫೋನ್ ಮಾಡಿ, ಕೈಪಿಡಿಯಲ್ಲಿ ಆ ಪದಕ್ಕೆ ಒಂದೂವರೆ ಪುಟ ವಿವರಣೆ ಇದೆ, ಓದಿದ ಮೇಲೆ ಮೊದಲು ಗೊತ್ತಿದ್ದದ್ದೂ ಮರೆತುಹೋಯಿತು ಎಂದಳು. ಅವಳಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಬಡ್ತಿ ಯಾವಾಗ ಬಂತು, ಯಾವಾಗ ತಪ್ಪಿತು ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಅದನ್ನು ಕೇಳುವ ತಾಳ್ಮೆ ನಮ್ಮ ಯಜಮಾನರಿಗೇ ಇಲ್ಲ.

ನಮ್ಮ ಕೇಂದ್ರ ಇದ್ದದ್ದು ಕೋಲಾರದಲ್ಲಿ. ಸುತ್ತಲಿನ ಊರುಗಳ ದೊಡ್ಡವರಿಗೆ ಏನಾದರೊಂದು ಕಲಿಸುವುದು ಅದರ ಕೆಲಸ. ಹೊಲಿಗೆ, ಉಪ್ಪಿನಕಾಯಿ, ಕಂಪ್ಯೂಟರ್ ಎಲ್ಲ ಸಂಪಾದನೆಗೆ ದಾರಿಯಾಗುವ ತರಬೇತಿಗಳು. ಒಂದು ವರ್ಷ ಮೇಲಿನಿಂದ ಸುತ್ತೋಲೆ ಬಂತು: ಇನ್ನು ಮುಂದೆ ಸ್ವಸಮೃದ್ಧಿ ತರಗತಿಗಳನ್ನೂ ನಡೆಸತಕ್ಕದ್ದು. ಅದರಿಂದ ಕಲಿಯುವವರಿಗೆ ಕೆಲಸ ಸಿಗಬೇಕಿಲ್ಲ, ಸರ್ಟಿಫಿಕೇಟೂ ಬೇಕಿಲ್ಲ. ಮನಸ್ಸಿಗೆ ಬೇಕೆನಿಸಿದ್ದನ್ನು ತಮ್ಮ ಸಂತೋಷಕ್ಕಾಗಿ ಕಲಿಯಬಹುದು. ಓದಿದಾಗ ನನಗೆ ಬಹಳ ಹಿಡಿಸಿತು. ಆದರೆ ಅದೇ ಸುತ್ತೋಲೆಯ ಹಿಂದೆ ಲಗತ್ತಿಸಿದ್ದ ನಮೂನೆಯಲ್ಲಿ ಕೊನೆಯ ಪ್ರಶ್ನೆ ಹೀಗಿತ್ತು: ‘ಕಲಿಕೆಯಿಂದ ಫಲಾನುಭವಿಗೆ ಆದ ಉಪಯೋಗವೇನು?’ ಉಪಯೋಗ ಬೇಡ ಎಂದು ಮುಂದಿನ ಪುಟದಲ್ಲಿ ಹೇಳಿ, ಹಿಂದಿನ ಪುಟದಲ್ಲಿ ಉಪಯೋಗ ಕೇಳುವ ಬುದ್ಧಿವಂತರು ನಮ್ಮಲ್ಲಿದ್ದರು.

ಆ ಪದಕ್ಕೆ ಒಬ್ಬೊಬ್ಬ ಮೇಲಧಿಕಾರಿ ಒಂದೊಂದು ಅರ್ಥ ಹಚ್ಚಿದರು. ಮೊದಲನೆಯವರು, ಸ್ವಸಮೃದ್ಧಿ ಎಂದರೆ ಪ್ರಾಣಾಯಾಮ ಎಂದುಬಿಟ್ಟರು. ಮಾಲೂರಿನಲ್ಲಿ ಇಪ್ಪತ್ತು ಜನ ಗೃಹಿಣಿಯರನ್ನು ಕೂರಿಸಿ ಒಂದು ವಾರ ಮೂಗು ಹಿಡಿಸಿದೆ. ಎಂಟನೇ ದಿನ ಅವರೆಲ್ಲ, ಅದು ಟಿವಿಯಲ್ಲೇ ಬರುತ್ತೆ ಬಿಡಿ ಟೀಚರಮ್ಮ, ನಮಗೆ ಸ್ಕೂಟಿ ಕಲಿಸಿ ಎಂದರು. ಎರಡನೆಯವರ ಕಾಲಕ್ಕೆ ಅದೇ ಪದದ ಅರ್ಥ ವ್ಯಕ್ತಿತ್ವ ವಿಕಸನವಾಯಿತು. ಅವರು ಕೋಟು ತೊಟ್ಟ ಭಾಷಣಕಾರರೊಬ್ಬರನ್ನು ಕರೆಸಿದರು. ಆತ ಎಲ್ಲರಿಂದ ಚಪ್ಪಾಳೆ ಹೊಡೆಸಿ, ಕನ್ನಡಿಯ ಮುಂದೆ ನಿಂತು ‘ನಾನು ಗೆಲ್ಲುತ್ತೇನೆ’ ಎಂದು ದಿನಾ ಹೇಳಿಕೊಳ್ಳಬೇಕು ಎಂದ. ಮುಂದಿನ ಸಾಲಿನಲ್ಲಿದ್ದ ಹೆಂಗಸೊಬ್ಬಳು ಎದ್ದು, “ಯಾರ ಮೇಲೆ ಗೆಲ್ಬೇಕು ಸಾರ್, ಅದ್ನ ಹೇಳ್ಲೇ ಇಲ್ವಲ್ಲ?” ಎಂದಳು. ಆತ ಎಲ್ಲರಿಂದ ಇನ್ನೊಮ್ಮೆ ಚಪ್ಪಾಳೆ ಹೊಡೆಸಿದ.

ಶ್ರೀನಿವಾಸಪುರದಲ್ಲಿ ತಪ್ಪು ನನ್ನದೇ. ಮಾವಿನ ಸುಗ್ಗಿಯ ನಡುವೆ ಚಿತ್ರಕಲೆಯ ತರಗತಿ ಇಟ್ಟೆ. ಆ ದಿನಗಳಲ್ಲಿ ಅಲ್ಲಿ ಕೈಕಾಲು ಆಡುವವರೆಲ್ಲ ತೋಟದಲ್ಲೋ ಮಂಡಿಯಲ್ಲೋ ಇರುತ್ತಾರೆಂಬುದು ಮುಳಬಾಗಿಲಿನಲ್ಲಿ ಹುಟ್ಟಿ ಬೆಳೆದ ನನಗೆ ಗೊತ್ತಿರಬೇಕಿತ್ತು. ಬಂದವರು ಒಬ್ಬರೇ, ಹಲ್ಲಿಲ್ಲದ ಒಬ್ಬ ಅಜ್ಜ. ಬ್ಯಾನರನ್ನು ಅಕ್ಷರ ಅಕ್ಷರ ಕೂಡಿಸಿ ಓದಿ, “ಸ್ವಂತ ಸಮೃದ್ಧೀನಾ? ಅದು ಆಫೀಸರ್‌ಗಳಿಗೆ ಯಾರೂ ಕಲಿಸ್ದೇನೇ ಬತ್ತದಲ್ಲಮ್ಮಾ. ನಮ್ಗ್ಯಾಕೆ ಈ ವಯಸ್ಸಲ್ಲಿ?” ಎಂದು ಕೇಳಿ, ತಾನೇ ನಕ್ಕು, ನಾನು ತಂದಿದ್ದ ಬಿಸ್ಕತ್ತು ತಿಂದು, ಒಂದು ಮಾವಿನಕಾಯಿಯ ಚಿತ್ರ ಬರೆದು ಹೋದ. ಚಿತ್ರ ಮಾತ್ರ ಚೆನ್ನಾಗಿತ್ತು.

ಮುಳಬಾಗಿಲಿನಲ್ಲಿ ಚಿತ್ರ ಕಲಿಯಲು ಬಂದವರು ನಿವೃತ್ತ ಅಕೌಂಟೆಂಟ್ ಒಬ್ಬರು. ಬೆಟ್ಟಕ್ಕೂ ಸ್ಕೇಲ್ ಇಟ್ಟು ಗೆರೆ ಎಳೆಯುತ್ತಿದ್ದರು. “ಸಾರ್, ಬೆಟ್ಟ ಹೀಗೆ ನೆಟ್ಟಗಿರಲ್ಲ” ಎಂದರೆ, “ನನ್ನ ಕೈಲಿ ಸೊಟ್ಟ ಗೆರೆ ಬರಲ್ಲಮ್ಮ, ಮೂವತ್ತು ವರ್ಷದ ಅಭ್ಯಾಸ” ಎನ್ನುವರು. ಎರಡು ತಿಂಗಳಾದ ಮೇಲೆ ಒಂದು ದಿನ ಸ್ಕೇಲನ್ನು ಮನೆಯಲ್ಲಿ ಮರೆತು ಬಂದರು. ಬರೆದ ಗೆರೆ ನಡುಗುತ್ತ ನಡುಗುತ್ತ ಮೇಲೇರಿ ಬೆಟ್ಟವಾಯಿತು. ಅವರು ಅದನ್ನು ಎಲ್ಲರಿಗೂ ತೋರಿಸಿದರು, ಕಾಫಿ ತಂದವನಿಗೂ ತೋರಿಸಿದರು. ಆ ಸಲ ನಮೂನೆಯ ಕೊನೆಯ ಪ್ರಶ್ನೆಗೆ ಏನು ಬರೆಯುವುದೆಂದು ತೋಚದೆ ‘ಕೈ ಸಡಿಲವಾಯಿತು’ ಎಂದು ಬರೆದು ಕಳಿಸಿದೆ. ಮೆಡಿಕಲ್ ವಿಷಯವನ್ನು ಇಲ್ಲಿ ನಮೂದಿಸಬಾರದು ಎಂದು ವಾಪಸು ಬಂತು.

ಹೊಸಬರು ಒಂದು ವಿಷಯ ತಿಳಿದಿರಲಿ. ವೇಳಾಪಟ್ಟಿಯನ್ನು ಕೋಲಾರದ ಕಚೇರಿಯಲ್ಲಿ ಕೂತು ಹಾಕಬೇಡಿ. ಹುತ್ತೂರಿನಲ್ಲಿ ನಾನು ಮೂವತ್ತು ಕುರ್ಚಿ ಹಾಕಿಸಿ, ಮೈಕ್ ಕಟ್ಟಿಸಿ ಕಾದೆ. ಒಂದು ನರಪಿಳ್ಳೆಯೂ ಬರಲಿಲ್ಲ. ಆ ದಿನ ಊರಿನ ಅರ್ಧ ಮನೆಗಳಲ್ಲಿ ರೇಷ್ಮೆ ಹುಳ ಹಣ್ಣಾಗಿತ್ತು. ಹಣ್ಣಾದ ಹುಳವನ್ನು ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವ ದಿನ ಮನೆಯವರು ಊಟಕ್ಕೂ ಕೂರುವುದಿಲ್ಲ. ವಿಚಾರಿಸೋಣವೆಂದು ಒಂದು ಹುಳುಮನೆಗೆ ನುಗ್ಗಿದೆ. ಪೌಡರ್ ಹಚ್ಚಿ, ಮಲ್ಲಿಗೆ ಮುಡಿದು ಹೋಗಿದ್ದೆ. ಒಳಗಿದ್ದ ಅಜ್ಜಿ “ಏಮಮ್ಮಾ ಇದಿ! ಆಚೆ ನಡಿ, ಆಚೆ ನಡಿ, ಹುಳಕ್ಕೆ ವಾಸನೆ ಆಗಲ್ಲ” ಎಂದು ತೆಲುಗು ಕನ್ನಡ ಎರಡರಲ್ಲೂ ಬೈದು ಅಟ್ಟಿದಳು. ಆಮೇಲೆ ನಾನು ಎಲ್ಲಿಗೆ ಹೋದರೂ ಮೊದಲು ಹುಳ ಪೊರೆ ಬಿಡುವ ಎಷ್ಟನೇ ಜ್ವರದಲ್ಲಿದೆ, ಡೈರಿಗೆ ಹಾಲು ಹಾಕುವ ಹೊತ್ತು ಯಾವುದು ಎಂದು ಕೇಳಿಯೇ ಪಟ್ಟಿ ಹಾಕಿದೆ.

ಹಾಗೆ ಹೊತ್ತು ಕೇಳಿಕೊಂಡು ಶುರು ಮಾಡಿದ್ದು ಕ್ಯಾಲನೂರಿನ ತರಗತಿ. ಹಾಲು ಹಾಕಿ ವಾಪಸು ಹೋಗುವ ಹೆಂಗಸರಿಗೆ ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಬಿಡುವು. ಡೈರಿಯ ಪಕ್ಕದ ಕೋಣೆಯನ್ನು ಕೊಟ್ಟರು. ಬೆಳಗಿನ ಬಸ್ಸು ಹಿಡಿದರೆ ಹಾಲಿನ ಹೊತ್ತಿಗೆ ಮುಟ್ಟಲಾಗುವುದಿಲ್ಲವೆಂದು ಮೂರು ತಿಂಗಳು ಆ ಊರಿನಲ್ಲೇ ಬಾಡಿಗೆಗಿದ್ದೆ. ಏನು ಕಲಿಸುವುದು? ಕೇಂದ್ರದ ಬೀರುವಿನಲ್ಲಿ ಯಾರೂ ಮುಟ್ಟದ ಎರಡು ಚದುರಂಗದ ಮಣೆಗಳು ಬಿದ್ದಿದ್ದವು. ನಮ್ಮಣ್ಣ ಚಿಕ್ಕಂದಿನಲ್ಲಿ ನನಗೆ ಆಟ ಕಲಿಸಿದ್ದ. ಅದನ್ನೇ ಹೊತ್ತುಕೊಂಡು ಹೋದೆ.

ಮೊದಲ ವಾರ ಎಲ್ಲರೂ ನಕ್ಕರು. ಎರಡನೇ ವಾರ ಕುದುರೆ ಏಕೆ ಸೊಟ್ಟಗೆ ನೆಗೆಯುತ್ತದೆ, ಒಂಟೆ ಏಕೆ ಓರೆಯಾಗಿ ಓಡುತ್ತದೆ ಎಂದು ಜಗಳಕ್ಕೆ ಬಂದರು. ಮೂರನೇ ವಾರಕ್ಕೆ ಬೆಳಿಗ್ಗೆ ಐದು ಜನ, ಸಂಜೆ ಆರು ಜನ ನಿಂತರು. ಬೆಳಗಿನವರಲ್ಲಿ ಮುನಿರತ್ನಮ್ಮ, ಸಂಜೆಯವರಲ್ಲಿ ಸರೋಜಮ್ಮ. ಅಣ್ಣತಮ್ಮಂದಿರ ಹೆಂಡತಿಯರು, ಮುನಿರತ್ನಮ್ಮ ಹಿರಿಯಳು. ಈ ವಾರಗಿತ್ತಿಯರು ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಮನೆ ಪಾಲಾದಾಗ ಗಬ್ಬದ ಹಸು ಹಿರಿಯಳಿಗೆ ಬಂತು. ಹುಟ್ಟುವ ಕರು ತನಗೆಂದು ಮಾತಾಗಿತ್ತು ಎಂದು ಕಿರಿಯಳು, ಅಂಥ ಮಾತೇ ಆಗಿರಲಿಲ್ಲ ಎಂದು ಹಿರಿಯಳು. ಅಂಗಳದ ನಡುವೆ ಗೋಡೆ ಎದ್ದಿತು. ಡೈರಿಯ ಸಾಲಿನಲ್ಲಿ ಮುಖ ನೋಡಬಾರದೆಂದು ಹಿರಿಯಳು ಬೆಳಗಿನ ಹಾಲಿಗೆ ಬಂದರೆ ಸಂಜೆಗೆ ಮಗನನ್ನು ಕಳಿಸುವಳು. ಕಿರಿಯಳು ಬೆಳಿಗ್ಗೆ ಗಂಡನನ್ನು ಕಳಿಸಿ ಸಂಜೆ ತಾನು ಬರುವಳು. ಇದು ಊರಿಗೆಲ್ಲ ಗೊತ್ತಿದ್ದ ಏರ್ಪಾಡು. ಯಾರೂ ಅದನ್ನು ವಿಚಿತ್ರ ಎನ್ನುತ್ತಿರಲಿಲ್ಲ.

ಒಂದು ಸಂಜೆ ಸರೋಜಮ್ಮ ಕಪ್ಪು ಕಾಯಿ ಹಿಡಿದು ಇನ್ನೊಬ್ಬಾಕೆಯೊಂದಿಗೆ ಆಡುತ್ತಿದ್ದಳು. ಆಕೆಗೆ ಮನೆಯಿಂದ ಕರೆ ಬಂದು ಆಟ ಅರ್ಧಕ್ಕೇ ನಿಂತಿತು. ಮಣೆಯನ್ನು ನಾನು ಹಾಗೆಯೇ ಬಿಟ್ಟೆ. ಮರುದಿನ ಬೆಳಿಗ್ಗೆ ಮುನಿರತ್ನಮ್ಮ ಅದರ ಮುಂದೆ ನಿಂತು ಬಹಳ ಹೊತ್ತು ನೋಡಿದಳು.

“ಕಪ್ಪು ಯಾರ್ದು?”

ನಾನು ಸುಳ್ಳು ಹೇಳಲಿಲ್ಲ. “ಸರೋಜಮ್ಮಂದು.”

ಅವಳು ಬಿಳಿ ಕಾಲಾಳೊಂದನ್ನು ಒಂದು ಮನೆ ಮುಂದೆ ತಳ್ಳಿ, ಕ್ಯಾನು ಎತ್ತಿಕೊಂಡು ಹೋದಳು. ಸಂಜೆ ಸರೋಜಮ್ಮ ಬಂದು ನೋಡಿ, “ಇದ್ಯಾರು ಆಡಿದ್ದು?” ಎಂದಳು. ಬೆಳಗಿನವರು ಎಂದೆ. ನನ್ನ ಮುಖ ನೋಡಿಯೇ ಅವಳಿಗೆ ಯಾರೆಂದು ತಿಳಿಯಿತು. ಇನ್ನು ಮಣೆ ಎತ್ತಿ ಬಿಸಾಡುತ್ತಾಳೆ ಎಂದುಕೊಂಡೆ. ಕೂತಳು, ಕೆನ್ನೆಗೆ ಕೈಯಿಟ್ಟು ಯೋಚಿಸಿದಳು, ಕುದುರೆ ನೆಗೆಸಿದಳು.

ಅಂದಿನಿಂದ ಬೆಳಗಿನ ಹಾಲಿಗೆ ಒಂದು ನಡೆ, ಸಂಜೆಯ ಹಾಲಿಗೆ ಒಂದು ನಡೆ. ಯಾರ ಕೈಯೂ ತಾಗದಿರಲೆಂದು ಮುನಿರತ್ನಮ್ಮ ಮನೆಯಿಂದ ಹಳೆಯ ಬಿದಿರು ಬುಟ್ಟಿ, ಮಂಕರಿಯೊಂದನ್ನು ತಂದು ಮಣೆಯ ಮೇಲೆ ಬೋರಲು ಹಾಕಿದಳು. ಮಂಕರಿಯನ್ನು ಬೆಕ್ಕು ಉರುಳಿಸಿತೆಂದು ಸರೋಜಮ್ಮ ಅದರ ಮೇಲೆ ಒಂದು ಕಲ್ಲು ಹೇರಿದಳು. ಇಬ್ಬರೂ ಒಬ್ಬರ ಹೆಸರನ್ನು ಒಬ್ಬರು ಎತ್ತಲಿಲ್ಲ. ಆದರೆ ಮಂಕರಿ ಎತ್ತುವ ಮೊದಲೇ ಸರೋಜಮ್ಮ ಕೇಳುತ್ತಿದ್ದಳು, “ಇವತ್ತು ಬೇಗ ಆಡಿ ಹೋದ್ರಾ, ತಡ ಮಾಡಿದ್ರಾ?” ಹಿರಿಯಳಿಗೆ ಮೈ ಹುಷಾರಿಲ್ಲದ ಎರಡು ದಿನ ಮಣೆ ಇದ್ದ ಹಾಗೇ ಇತ್ತು, ಮೂರನೇ ದಿನ ಕಿರಿಯಳು ನನ್ನ ಮುಂದೆ ಯಾವುದೋ ಕಷಾಯದ ಹೆಸರು ಹೇಳಿ, ಯಾರಿಗೆಂದು ಹೇಳದೆ ಹೋದಳು. ಅದನ್ನು ತಲುಪಿಸುವಷ್ಟು ಬುದ್ಧಿ ನನಗಿತ್ತು. ಹನ್ನೊಂದು ವರ್ಷದಲ್ಲಿ ಆ ಎರಡು ಮನೆಗಳ ನಡುವೆ ಓಡಾಡುತ್ತಿದ್ದದ್ದು ಈ ಆಟ ಒಂದೇ. ಅದು ನಿಲ್ಲಬಾರದೆಂದು ನಾನು ದಿನಾ ಬೇಡಿಕೊಳ್ಳುತ್ತಿದ್ದೆ.

ನಿಲ್ಲಿಸಿದವಳೂ ನಾನೇ.

ಮೂರನೇ ತಿಂಗಳಲ್ಲಿ ಪರಿಶೀಲನೆಗೆ ಅಧಿಕಾರಿ ಬರುತ್ತಾರೆಂದು ಮಧ್ಯಾಹ್ನ ಹನ್ನೆರಡಕ್ಕೆ ಫೋನ್ ಬಂತು, ಮೂರಕ್ಕೆ ಬಂದರು. ಆ ಮೂರು ಗಂಟೆಯಲ್ಲಿ ನಾನು ಹುಚ್ಚಿಯಂತೆ ಓಡಾಡಿದೆ. ನೆಲ ಒರೆಸಿದೆ, ಜೇಡರ ಬಲೆ ತೆಗೆದೆ, ಮಂಕರಿ ಕಲ್ಲು ಎರಡನ್ನೂ ಹಿತ್ತಲಿಗೆ ಸಾಗಿಸಿದೆ. ಮಣೆಗಳು ಚೆಂದ ಕಾಣಲೆಂದು ಎರಡರ ಮೇಲೂ ಕಾಯಿಗಳನ್ನು ಹೊಸ ಆಟಕ್ಕೆ ಜೋಡಿಸಿಟ್ಟೆ. ಈಗಿನ ಅಧಿಕಾರಿಗಳು ಮೊದಲು ಫೋಟೋ ತೆಗೆದು ಗ್ರೂಪಿಗೆ ಹಾಕಿ, ಆಮೇಲೆ ಕಣ್ಣಿನಿಂದ ನೋಡುತ್ತಾರೆ. ಇವರೂ ಹಾಗೇ ಮಾಡಿದರು. “ಇದರಿಂದ ಇವರಿಗೆ ಉಪಯೋಗ?” ಎಂದರು. ಏಕಾಗ್ರತೆ, ನಿರ್ಧಾರ ಶಕ್ತಿ ಎಂದು ಬಾಯಿಗೆ ಬಂದದ್ದನ್ನು ಒದರಿದೆ. ಅವರು ಬರೆದುಕೊಂಡು ಕಾರು ಹತ್ತಿದ ಮೇಲೆ ಒಳಗೆ ಬಂದು ನೋಡುತ್ತೇನೆ, ಆ ಇಬ್ಬರ ಮಣೆಯ ಮೂವತ್ತೆರಡು ಕಾಯಿಗಳೂ ಸಾಲಾಗಿ ನಿಂತಿವೆ. ಅವರ ಆಟವನ್ನು ಕೈಯಾರೆ ಕೆಡಿಸಿದ್ದೆ.

ಸಂಜೆ ಸರೋಜಮ್ಮ ಬಂದಳು. ನೋಡಿದಳು. “ಸೋಲ್ತೀನಿ ಅಂತ ಗೊತ್ತಾಗಿ ಕೆಡವಿ ಹೋದ್ಳು. ಆ ಬುದ್ಧಿ ಎಲ್ಲೋಯ್ತದೆ?” ಎಂದಳು. ನಾನು ಕೆಡವಿದ್ದು ಎಂದು ಅಲ್ಲೇ ಹೇಳಬೇಕಿತ್ತು. ಕಾಯಿ ಮುಟ್ಟಿದರೆ ಎಲ್ಲರನ್ನೂ ಗದರುತ್ತಿದ್ದ ಟೀಚರಮ್ಮ ನಾನು, ನಾಲಿಗೆ ಏಳಲಿಲ್ಲ. ಅವಳು ಕೂರಲೇ ಇಲ್ಲ, ಹೋದಳು. ನನ್ನ ಇಡೀ ಕೆಲಸದಲ್ಲಿ ನಾನು ನಾಚಿಕೊಳ್ಳುವುದು ಆ ಒಂದು ಸಂಜೆಗೆ.

ಬೆಳಗಾಗುವುದರೊಳಗೆ ಮಾತು ಹಾಲಿನ ಸಾಲಿಗೆ ಮುಟ್ಟಿತ್ತು. ಮುನಿರತ್ನಮ್ಮ ಕೋಣೆಯ ಬಾಗಿಲಲ್ಲೇ ನಿಂತಳು, ಮುಖ ಕೆಂಪಾಗಿತ್ತು. “ನಾನು ಕೆಡವಿದ್ನಂತೆ! ಕರು ವಿಷ್ಯದಲ್ಲೂ ಹಿಂಗೇ ಊರೆಲ್ಲಾ ಸಾರಿದ್ಳು. ಬ್ಯಾಡ ಟೀಚರಮ್ಮ, ಈ ಸಾವಾಸಾನೇ ಬ್ಯಾಡ. ನನ್ ಮಂಕ್ರಿ ಕೊಡಿ, ಹೋಗ್ತೀನಿ.”

ಇನ್ನು ತಡೆಯಲಾಗಲಿಲ್ಲ. ಡೈರಿಯ ಮುಂದೆ ಹೋಗಿ, ಕ್ಯಾನು ಹಿಡಿದು ನಿಂತಿದ್ದ ಅಷ್ಟು ಜನರ ಎದುರಿಗೆ, ಅಧಿಕಾರಿಗೆ ಹೆದರಿ ಕೋಣೆ ಚೊಕ್ಕಟ ಮಾಡುವಾಗ ಮಣೆ ಕೆಡಿಸಿದ್ದು ನಾನು ಎಂದು ಗಟ್ಟಿಯಾಗಿ ಹೇಳಿದೆ. ಸಾಲಿನಲ್ಲಿ ಸರೋಜಮ್ಮನ ಗಂಡನೂ ಇದ್ದ. ಅವನು ತಲೆ ತಗ್ಗಿಸಿ ನಕ್ಕ. ಮುನಿರತ್ನಮ್ಮ ನಗಲಿಲ್ಲ. “ಅವ್ಳಿಗೂ ನೀವೇ ಹೇಳಿ” ಎಂದಳು. ಸಂಜೆಯವರೆಗೆ ಕಾಯದೆ ಸರೋಜಮ್ಮನ ಮನೆಗೇ ಹೋಗಿ ಹೇಳಿದೆ. ಹಸುವಿಗೆ ಹುಲ್ಲು ಹಾಕುತ್ತಿದ್ದವಳು ತಿರುಗದೆಯೇ, “ಹಂಗಾದ್ರೆ ಎಲ್ಲೆಲ್ಲಿತ್ತೋ ಅಲ್ಲಲ್ಲೇ ಇಟ್ಬಿಡಿ” ಎಂದಳು.

ಇಡುವುದು ಹೇಗೆ? ನನಗೆ ಎಲ್ಲಿ ನೆನಪಿತ್ತು! ಆ ಆಟ ಇದ್ದದ್ದು ಅವರಿಬ್ಬರ ತಲೆಯಲ್ಲಿ ಮಾತ್ರ. ಮರುದಿನ ಬೆಳಿಗ್ಗೆ ಮುನಿರತ್ನಮ್ಮ ತನ್ನ ಬಿಳಿ ಕಾಯಿಗಳನ್ನಷ್ಟೇ ಇಟ್ಟು, “ಅವ್ಳದ್ನ ಅವ್ಳೇ ಇಟ್ಕೊಳ್ಲಿ” ಎಂದು ಹೋದಳು. ಸಂಜೆ ಸರೋಜಮ್ಮ ಕಪ್ಪು ಕಾಯಿ ಒಂದನ್ನೂ ಮುಟ್ಟುವ ಮೊದಲು, “ಆ ಬಿಳಿ ಕುದ್ರೆ ಅಲ್ಲಿರಲಿಲ್ಲ” ಎಂದು ಅದನ್ನು ಹಿಂದಕ್ಕೆ ಸರಿಸಿ ಹೋದಳು. ಬೆಳಿಗ್ಗೆ ಹಿರಿಯಳು, “ಅಲ್ಲೇ ಇತ್ತು” ಎಂದು ಮುಂದಕ್ಕಿಟ್ಟಳು. ಮೂರು ದಿನ ಆ ಕುದುರೆ ಹೊತ್ತಿಗೊಂದು ಮನೆ ಬದಲಾಯಿಸಿತು. ಅವಳು ಹೀಗಂದಳು, ಇವಳು ಹಾಗಂದಳು ಎಂದು ಹೇಳಿ ಹೇಳಿ ನನಗೆ ರೇಗಿಹೋಯಿತು. ನನಗೆ ಮೊದಲಿನಿಂದಲೂ ಸಿಟ್ಟು ಮೂಗಿನ ತುದಿಯಲ್ಲೇ. ಇಬ್ಬರಿಗೂ ಹೇಳಿ ಕಳಿಸಿದೆ: “ನಾಳೆ ಮಧ್ಯಾಹ್ನ ಇಬ್ರೂ ಬನ್ನಿ. ಬರದಿದ್ರೆ ಮಣೆ ಗಂಟು ಕಟ್ಕೊಂಡು ಕೋಲಾರದ ಬಸ್ ಹತ್ತುತೀನಿ. ನಾನು ಮತ್ತೆ ಈ ಕಡೆ ತಲೆ ಹಾಕಲ್ಲ.”

ಮಧ್ಯಾಹ್ನ ಬೆಳಗಿನದೂ ಅಲ್ಲ, ಸಂಜೆಯದೂ ಅಲ್ಲ. ಅದು ಅವರಿಬ್ಬರಲ್ಲಿ ಯಾರ ಹೊತ್ತೂ ಅಲ್ಲ. ಬರುವರೆಂಬ ನಂಬಿಕೆ ನನಗಿರಲಿಲ್ಲ. ಬಟ್ಟೆ ಬರೆಯನ್ನು ಚೀಲಕ್ಕೆ ತುಂಬಿಯೇ ಕೂತಿದ್ದೆ. ಮೊದಲು ಮುನಿರತ್ನಮ್ಮ ಬಂದಳು. ಸ್ವಲ್ಪ ಹೊತ್ತಿಗೆ ಸರೋಜಮ್ಮ ಬಂದು ಬಾಗಿಲಲ್ಲಿ ನಿಂತಳು, ಒಳಗೆ ಬಂದಳು, ಎದುರಿಗೆ ಕೂತಳು. ಯಾರೂ ತಲೆ ಎತ್ತಲಿಲ್ಲ. ಹಿರಿಯಳು ಬಿಳಿ ಕಾಯಿಗಳನ್ನು ಒಂದೊಂದಾಗಿ ಇಟ್ಟಳು. ಕುದುರೆಯೊಂದನ್ನು ಮಾತ್ರ ಇಡದೆ ಕೈಯಲ್ಲೇ ಹಿಡಿದಿದ್ದಳು. ಕಿರಿಯಳು ಕಪ್ಪು ಕಾಯಿಗಳನ್ನು ಇಡುತ್ತ ಬಂದು, ಕೊನೆಗೆ ಆನೆಯನ್ನು ತನ್ನ ಕಡೆಯ ಮೂಲೆಯಲ್ಲಿಟ್ಟಳು. ಅವಳಿಗೆ ಮರೆತಿತ್ತೋ, ಹಿರಿಯಳನ್ನು ಪರೀಕ್ಷೆ ಮಾಡುತ್ತಿದ್ದಳೋ ನಾನರಿಯೆ.

ಮುನಿರತ್ನಮ್ಮ ಆ ಆನೆಯನ್ನು ದಿಟ್ಟಿಸಿದಳು. ಕೈ ಚಾಚಿ ಅದನ್ನೆತ್ತಿ, ಮಣೆಯುದ್ದಕ್ಕೂ ಮುಂದೆ ತಂದು, ತನ್ನ ರಾಜನ ಪಕ್ಕದ ಸಾಲಿನಲ್ಲಿ ಊರಿದಳು.

“ಇಲ್ಲಿತ್ತು ಕಣೇ ನಿನ್ನಾನೆ” ಎಂದಳು. “ಇನ್ನೆರಡು ನಡೇಲಿ ನೀನು ನನ್ ರಾಜನ್ನ ಕಟ್ಟಾಕ್ತಿದ್ದೆ. ನಿನ್ನ ಪಾಲು ಇಟ್ಕೊಂಡು ನಾನೇನ್ ಮಾಡ್ಲಿ?”

ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಸರೋಜಮ್ಮ ಸೆರಗಿನಿಂದ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. ತಿರುಗಿ ನೋಡಿದಾಗ ಅವಳು ಹಿರಿಯಳ ಬೆರಳು ಬಿಡಿಸಿ, ಅಂಗೈಯಲ್ಲಿದ್ದ ಬಿಳಿ ಕುದುರೆಯನ್ನು ತೆಗೆದುಕೊಂಡು, ಹಿರಿಯಳು ಮೂರು ದಿನವೂ ಹೇಳಿದ್ದ ಮನೆಯಲ್ಲೇ ಅದನ್ನು ಇಡುತ್ತಿದ್ದಳು.

“ನೀನ್ ಹೇಳ್ದಂಗೇ ಇತ್ತು, ನಾನೇ ಹಟ ಹಿಡ್ದೆ” ಎಂದಳು. ಆ ಸಂಜೆ ಆಡದೆ ಉಳಿದಿದ್ದ ತನ್ನ ನಡೆಗೆ ಕಪ್ಪು ಕಾಲಾಳೊಂದನ್ನು ಸರಿಸಿ, ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಆಮೇಲೆ ಮೆಲ್ಲಗೆ, “ಈಗ ನಿಂದೇ ಆಟ, ಅಕ್ಕ” ಎಂದಳು.